ಒಪ್ಪಿಸಿದ ಮೇಲೂ ರಾತ್ರಿ ಮೂರಕ್ಕೆ ಎಚ್ಚರವಾಗುವುದೇಕೆ?

ಜಮಖಂಡಿಯ ಶಿಕ್ಷಕಿ:

ಹಿರಿಯರಿಗೂ ಸಹೋದರ ಸಹೋದರಿಯರಿಗೂ ವಂದನೆಗಳು. ಬಹಳ ದಿನಗಳಿಂದ ಮನಸ್ಸಿನಲ್ಲಿರುವ ಒಂದು ಪ್ರಶ್ನೆಯನ್ನು ಕೇಳುತ್ತಿದ್ದೇನೆ. ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಮನೆ, ಶಾಲೆ, ಸಾಲದ ಕಂತು, ಮಗನ ಓದು ಎಲ್ಲವೂ ನನ್ನ ಮೇಲಿದೆ. ಪ್ರತಿ ಭಾನುವಾರ ಆರಾಧನೆಯಲ್ಲಿ ತಲೆಬಾಗಿ "ಕರ್ತನೇ, ನನ್ನ ಜೀವಿತವನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ" ಎಂದು ಕಣ್ಣೀರಿಟ್ಟು ಪ್ರಾರ್ಥಿಸುತ್ತೇನೆ, ಆ ಹೊತ್ತಿನಲ್ಲಿ ಹಗುರವೂ ಆಗುತ್ತದೆ. ಆದರೆ ಸೋಮವಾರ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಅದೇ ಲೆಕ್ಕ, ಅದೇ ಯೋಜನೆ, ಹೀಗಾದರೆ ಹಾಗೆ ಮಾಡಬೇಕು, ಹಾಗಾದರೆ ಹೀಗೆ ಮಾಡಬೇಕು ಎಂಬ ಅದೇ ಓಟ.

ಮಗನ ವಿಷಯವನ್ನೇ ಹೇಳುತ್ತೇನೆ. ಅವನ ದೀಕ್ಷಾಸ್ನಾನದ ದಿನ ನನ್ನ ಯಜಮಾನರು, ಇವನು ವೈದ್ಯನಾಗಿ ದೇವರ ಸೇವೆ ಮಾಡಲಿ ಎಂದು ಪ್ರಾರ್ಥಿಸಿದ್ದರು. ಹುಡುಗ ಎರಡು ಬಾರಿ ನೀಟ್ ಬರೆದ, ಸೀಟು ಸಿಗಲಿಲ್ಲ. ಈಗ ಅವನು ಬೆಳಗಾವಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾಕ್ಕೆ ಸೇರುತ್ತೇನೆ ಎನ್ನುತ್ತಾನೆ. ಇನ್ನೊಂದು ವರ್ಷ ಕೋಚಿಂಗಿಗೆ ಕಳಿಸಬೇಕೆಂಬುದು ನನ್ನ ಹಟ, ಅದಕ್ಕಾಗಿ ಹಣವನ್ನೂ ಕೂಡಿಟ್ಟಿದ್ದೇನೆ. ಒಪ್ಪಿಸಿದ ಮೇಲೂ ಹೀಗೆ ಚಿಂತಿಸುವವಳ ಒಪ್ಪಿಸುವಿಕೆ ನಿಜವಾದದ್ದೇ? ನನ್ನ ನಂಬಿಕೆಯಲ್ಲಿ ಎಲ್ಲಿ ಕೊರತೆಯಿದೆ ಎಂದು ದಯವಿಟ್ಟು ತಿಳಿಸಿ.

ಗುಳೇದಗುಡ್ಡದ ಸಭಾ ಹಿರಿಯ:

ತಂಗೀ, ನೀವು ಶಿಕ್ಷಕಿಯಾದ್ದರಿಂದ ನಿಮಗೆ ತಿಳಿದಿರುವ ಮಾತಿನಿಂದಲೇ ಆರಂಭಿಸುತ್ತೇನೆ. ನಮ್ಮ ಕನ್ನಡದಲ್ಲಿ ಒಡವೆಯನ್ನು ಒಪ್ಪಿಸುವುದೂ ಉಂಟು, ಪಾಠವನ್ನು ಒಪ್ಪಿಸುವುದೂ ಉಂಟು. ಒಡವೆಯನ್ನು ಒಮ್ಮೆ ಒಪ್ಪಿಸಿದರೆ ಕೆಲಸ ಮುಗಿಯಿತು. ಪಾಠ ಹಾಗಲ್ಲ. ನಿನ್ನೆ ಮಗ್ಗಿ ಒಪ್ಪಿಸಿದ ಹುಡುಗ ಇಂದು ಮತ್ತೆ ನಿಮ್ಮ ಮೇಜಿನ ಮುಂದೆ ಕೈಕಟ್ಟಿ ನಿಂತು ಒಪ್ಪಿಸಬೇಕು, ತಪ್ಪಿದರೆ ನೀವು ತಿದ್ದುತ್ತೀರಿ, ಶಾಲೆಯಿಂದ ಹೊರಗೆ ಹಾಕುವುದಿಲ್ಲ. ಜೀವಿತವನ್ನು ಒಪ್ಪಿಸುವುದನ್ನು ನಾವು ಒಡವೆಯಂತೆ ಭಾವಿಸಿ, ಮರುದಿನವೂ ಅದು ನಮ್ಮ ಕೈಯಲ್ಲೇ ಇರುವುದನ್ನು ಕಂಡು, ನಾವು ಸುಳ್ಳು ಹೇಳಿದೆವೇನೋ ಎಂದು ಕೊರಗುತ್ತೇವೆ. ಅದು ಪಾಠದ ಜಾತಿಗೆ ಸೇರಿದ್ದು ಎಂಬುದು ನನ್ನ ಐವತ್ತು ವರ್ಷಗಳ ಅನುಭವ. ಶಿಲುಬೆಯನ್ನು ಹೊರುವ ವಿಷಯವನ್ನು ಕರ್ತನು ಹೇಳಿದಾಗ ಲೂಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ "ದಿನಾಲೂ" ಎಂಬ ಮಾತು ಇದೆ. ಅದು ನನಗೆ ಎಷ್ಟೋ ರಾತ್ರಿಗಳಲ್ಲಿ ಧೈರ್ಯ ಕೊಟ್ಟಿದೆ.

ಇನ್ನೊಂದು ಮಾತು. ಶಿಲುಬೆಯ ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸುವಾಗ ಒಂದೇ ಸಲ ಪ್ರಾರ್ಥಿಸಿ ಎದ್ದು ಬರಲಿಲ್ಲ. ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ. ದೇವಕುಮಾರನೇ ಮೂರು ಸಲ ಒಪ್ಪಿಸಬೇಕಾಯಿತು ಎಂದಮೇಲೆ ನಿಮ್ಮ ಸೋಮವಾರದ ರಾತ್ರಿಗಾಗಿ ನಾಚಿಕೆಪಡಬೇಡಿರಿ.

ತಿಕೋಟಾದ ದ್ರಾಕ್ಷಿ ಬೆಳೆಗಾರ:

ಅಕ್ಕಾವರೇ, ನನಗೆ ಎರಡೂವರೆ ಎಕರೆ ದ್ರಾಕ್ಷಿ ತೋಟವಿದೆ. ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಕತ್ತರಿಸಿ, ಕಡ್ಡಿ ಬೆಳೆಸುತ್ತೇವೆ, ಅಕ್ಟೋಬರ್ ಚಾಟ್ನಿಯ ನಂತರ ಫಲಕ್ಕಾಗಿ ಕಾಯುತ್ತೇವೆ. ಆ ನಾಲ್ಕು ತಿಂಗಳು ಬೆಳೆಗಾರನ ಮನೆಯಲ್ಲಿ ಯಾರೂ ಗಟ್ಟಿಯಾಗಿ ನಿದ್ದೆ ಮಾಡುವುದಿಲ್ಲ. ಒಂದು ವರ್ಷ ಹೂವಿನ ಹಂತದಲ್ಲಿ ಅಕಾಲಿಕ ಮಳೆ ಹಿಡಿದು ಎರಡು ದಿನ ಬಿಡಲೇ ಇಲ್ಲ. ರಾತ್ರಿ ಬ್ಯಾಟರಿ ಹಿಡಿದುಕೊಂಡು ತೋಟದಲ್ಲಿ ಸುತ್ತಾಡುತ್ತಿದ್ದೆ. ಏನು ಮಾಡಲು ಹೋಗಿದ್ದೆನೆಂದು ಇಂದಿಗೂ ಹೇಳಲಾರೆ, ಏಕೆಂದರೆ ಮಳೆಯಲ್ಲಿ ಔಷಧ ಹೊಡೆದರೆ ತೊಳೆದುಹೋಗುತ್ತದೆ. ಆ ರಾತ್ರಿ ನನಗೆ ತಿಳಿದದ್ದು ಇಷ್ಟೇ: ಔಷಧ ಹೊಡೆಯುವ ಹೊಣೆಯನ್ನು ದೇವರು ನನಗೆ ವಹಿಸಿದ್ದಾನೆ, ಮಳೆ ನಿಲ್ಲಿಸುವ ಹೊಣೆಯನ್ನು ಯಾರೂ ವಹಿಸಿರಲಿಲ್ಲ, ಆದರೆ ನಾನು ಅದನ್ನೂ ಹೊತ್ತುಕೊಂಡು ತಿರುಗುತ್ತಿದ್ದೆ. ಮನೆಗೆ ಬಂದು ಮಲಗಿದೆ. ಮಳೆ ನಿಂತ ಬೆಳಿಗ್ಗೆ ಆರಕ್ಕೇ ಎದ್ದು ಔಷಧ ಹೊಡೆದೆ. ಆ ವರ್ಷ ಅರ್ಧಕ್ಕಿಂತ ಹೆಚ್ಚು ಬೆಳೆ ಡೌನಿ ರೋಗಕ್ಕೆ ಹೋಯಿತು. ಉಳಿದದ್ದನ್ನು ಮಣೂಕ (ಒಣದ್ರಾಕ್ಷಿ) ಮಾಡಿ ಮಾರಿದೆವು.

ಒಪ್ಪಿಸಿದರೆ ಬೆಳೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನಾನು ಆ ವರ್ಷ ಹತ್ತಾರು ಸಲ ಓದಿದೆ. ಅಪೊಸ್ತಲ ಪೌಲನನ್ನು ಕೈದಿಯಾಗಿ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತ್ತು. ಅದರಲ್ಲಿದ್ದ 276 ಮಂದಿಯಲ್ಲಿ ಒಬ್ಬನ ಪ್ರಾಣವೂ ನಷ್ಟವಾಗುವುದಿಲ್ಲವೆಂದು ದೇವರು ಪೌಲನಿಗೆ ಮುಂಚೆಯೇ ತಿಳಿಸಿದ್ದನು. ಆದರೂ ನಾವಿಕರು ತಪ್ಪಿಸಿಕೊಂಡು ಹೋಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಕಾವಲಿನ ಸೇನಾಧಿಕಾರಿಯಾದ ಶತಾಧಿಪತಿಗೆ ಎಚ್ಚರಿಸಿದವನು ಅದೇ ಪೌಲ. ಎಲ್ಲರಿಗೂ ಊಟ ಮಾಡಿರೆಂದು ಹೇಳಿದವನೂ ಅವನೇ. ಮಾತು ಕೊಟ್ಟ ದೇವರು ಆ ಮಾತನ್ನು ನಾವಿಕರ ಕೈಯಿಂದಲೂ ಈಜುವವರ ತೋಳಿನಿಂದಲೂ ನಡೆಸಿಕೊಟ್ಟನು. ಆದರೆ ಹಡಗು ಒಡೆದುಹೋಯಿತು, ಜನರು ಹಲಿಗೆಗಳನ್ನು ಹಿಡಿದುಕೊಂಡು ದಡ ಸೇರಿದರು. ದೇವರು ಪ್ರಾಣದ ವಿಷಯದಲ್ಲಿ ಮಾತು ಕೊಟ್ಟಿದ್ದನೇ ಹೊರತು ಹಡಗಿನ ವಿಷಯದಲ್ಲಿ ಅಲ್ಲ. ನಾವು ಒಪ್ಪಿಸುವಾಗ ಹೆಚ್ಚಾಗಿ ಹಡಗನ್ನು ಉಳಿಸಿಕೊಡು ಎಂದೇ ಒಪ್ಪಿಸುತ್ತೇವೆ.

ಬೆಳಗಾವಿ ಕ್ಯಾಂಪಿನ ನರ್ಸ್:

ಅಣ್ಣನವರ ಮಾತಿಗೆ ನನ್ನ ಮನೆಯ ಕಥೆಯನ್ನು ಸೇರಿಸಬೇಕಾಗಿದೆ, ಏಕೆಂದರೆ ಈ ವಿಷಯದಲ್ಲಿ ಸುಮ್ಮನಿರುವುದು ನನ್ನಿಂದಾಗದು. ನನ್ನ ತಾಯಿಗೆ ಸಕ್ಕರೆ ಕಾಯಿಲೆಯಿತ್ತು. ಒಂದು ಪ್ರಾರ್ಥನಾ ಗುಂಪಿನಲ್ಲಿ, ಪೂರ್ಣವಾಗಿ ಒಪ್ಪಿಸಿದವರಿಗೆ ಗುಳಿಗೆ ಏಕೆ, ಗುಳಿಗೆ ನುಂಗುವುದೆಂದರೆ ಅರ್ಧ ನಂಬಿಕೆಯಲ್ಲವೇ ಎಂದು ಹೇಳಿದರು. ಅವ್ವ ನಮಗೆ ತಿಳಿಸದೆ ಗುಳಿಗೆ ಬಿಟ್ಟಳು. ಕಾಲಿನ ಗಾಯ ಮಾಯಲಿಲ್ಲ, ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವ್ವ ಕೇಳಿದ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ: "ನಾ ಸರಿಯಾಗಿ ಒಪ್ಪಿಸಲಿಲ್ಲೇನು?" ತಪ್ಪು ಬೋಧನೆ ಮೊದಲು ಬೆರಳನ್ನು ಕಿತ್ತುಕೊಂಡಿತು, ಆಮೇಲೆ ನಂಬಿಕೆಗೂ ಕೈಹಾಕಿತು.

ಪೌಲನು ಲೂಕನನ್ನು ಪ್ರಿಯನಾದ ವೈದ್ಯನೆಂದು ಕರೆದಿದ್ದಾನೆ. ಪದೇಪದೇ ಅಸ್ವಸ್ಥನಾಗುತ್ತಿದ್ದ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಬರೀ ನೀರಿನ ಬದಲು ಸ್ವಲ್ಪ ದ್ರಾಕ್ಷಾರಸವನ್ನು ತೆಗೆದುಕೋ ಎಂದು ಬರೆದಿದ್ದಾನೆ. ಒಪ್ಪಿಸಿದ್ದೀಯಲ್ಲ, ಸುಮ್ಮನಿರು ಎಂದು ಬರೆಯಲಿಲ್ಲ.

ಶಿಕ್ಷಕಿ ಅಕ್ಕನವರಿಗೆ ನರ್ಸ್ ಆಗಿ ಇನ್ನೊಂದು ಮಾತು. ತಿಂಗಳುಗಟ್ಟಲೆ ರಾತ್ರಿ ಮೂರಕ್ಕೆ ಎಚ್ಚರವಾಗುವುದು, ಊಟ ರುಚಿಸದಿರುವುದು, ಹಗಲಿನಲ್ಲಿ ಕಾರಣವಿಲ್ಲದೆ ಅಳು ಬರುವುದು ಇವು ನಂಬಿಕೆಯ ಕೊರತೆಯ ಗುರುತುಗಳಾಗಿರಬೇಕಾಗಿಲ್ಲ. ಯಜಮಾನರನ್ನು ಕಳೆದುಕೊಂಡ ದುಃಖ ದೇಹದಲ್ಲಿ ಹೀಗೆ ಕಾಣಿಸಿಕೊಳ್ಳುವುದುಂಟು. ಹತ್ತಿರದ ವೈದ್ಯರಿಗೆ ತೋರಿಸಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಇದೂ ಒಪ್ಪಿಸುವುದರ ಒಂದು ಭಾಗವೇ.

ಜಮಖಂಡಿಯ ಶಿಕ್ಷಕಿ:

ಎಲ್ಲರ ಮಾತುಗಳನ್ನು ಎರಡೆರಡು ಬಾರಿ ಓದಿದೆ. ಹಡಗಿನ ಮಾತು ನನ್ನನ್ನು ಬಿಡುತ್ತಿಲ್ಲ. ಮೂರು ವರ್ಷಗಳಿಂದ ನಾನು ದೇವರ ಮುಂದೆ ಇಟ್ಟದ್ದು ನನ್ನ ಮಗನನ್ನಲ್ಲ, ಮಗನ ವಿಷಯದಲ್ಲಿ ನಾನು ಮೊದಲೇ ಬರೆದು ಮುಗಿಸಿದ ಅರ್ಜಿಯನ್ನು ಎಂದು ಈಗ ಅನಿಸುತ್ತಿದೆ. ಕೆಳಗೆ ಸಹಿ ಮಾತ್ರ ದೇವರದ್ದು ಬೇಕಾಗಿತ್ತು. ಆದರೆ ಆ ಅರ್ಜಿಯಲ್ಲಿರುವುದು ನನ್ನ ಯಜಮಾನರ ಕೊನೆಯ ಆಸೆ. ಅದನ್ನು ಬಿಟ್ಟರೆ ಅವರನ್ನೇ ಇನ್ನೊಮ್ಮೆ ಕಳೆದುಕೊಂಡಂತಾಗುತ್ತದೆ. ಅದನ್ನು ಹೇಗೆ ಬಿಡಲಿ?

ಬೆಳಗಾವಿಯ ಎಂ.ಎ. ವಿದ್ಯಾರ್ಥಿನಿ:

ಹಿರಿಯರ ಮಧ್ಯೆ ಮಾತಾಡುತ್ತಿರುವುದಕ್ಕೆ ಕ್ಷಮಿಸಿರಿ. ನನಗೆ "ಒಪ್ಪಿಸು" ಎಂಬ ಮಾತೇ ಭಯ ಹುಟ್ಟಿಸುತ್ತದೆ. ನಮ್ಮ ಮನೆಯಲ್ಲಿ ನನಗೊಂದು ಸಂಬಂಧ ನೋಡಿದ್ದಾರೆ. ನಾನು ಓದು ಮುಗಿಯಲಿ ಎಂದರೆ, ನಿನ್ನ ಚಿತ್ತವನ್ನು ಮುರಿದು ಕರ್ತನ ಚಿತ್ತಕ್ಕೆ ಒಪ್ಪಿಸಿಕೊಡು ಎನ್ನುತ್ತಾರೆ. ಆದರೆ ಕರ್ತನ ಚಿತ್ತವೆಂದು ಅವರು ಹೇಳುವುದು ಪ್ರತಿ ಸಲವೂ ಅಪ್ಪನ ಚಿತ್ತವೇ ಆಗಿರುತ್ತದೆ. ನಾನು ದೇವರಿಗೆ ಒಪ್ಪಿಸಿದ ಜೀವಿತವನ್ನು ನಡುವೆ ನಿಂತು ಬೇರೆಯವರು ಇಸಿದುಕೊಂಡರೆ ಏನು ಮಾಡುವುದು?

ಗುಳೇದಗುಡ್ಡದ ಸಭಾ ಹಿರಿಯ:

ಮಗಳೇ, ಕ್ಷಮೆ ಕೇಳಬೇಕಾದವರು ನೀನಲ್ಲ, ನಮ್ಮಂಥ ಹಿರಿಯರು. ಈ ಮಾತನ್ನು ಹಾಗೆ ಬಳಸುವುದನ್ನು ಕೇಳಿಯೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ನಿನಗೂ ಶಿಕ್ಷಕಿ ತಂಗಿಗೂ ಒಂದೇ ಕಥೆಯಿಂದ ಉತ್ತರ ಹೇಳಬಹುದೆಂದು ತೋರುತ್ತದೆ. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಹನ್ನಳು ಬೇಡಿ ಪಡೆದ ಮಗನಾದ ಸಮುವೇಲನನ್ನು, ಮೊಲೆ ಬಿಡಿಸಿದ ಮೇಲೆ, ಶೀಲೋವಿನ ಮಂದಿರಕ್ಕೆ ತಂದು ದೇವರಿಗೆ ಒಪ್ಪಿಸಿದಳು. ಆದರೆ ಮುಂದಿನ ಅಧ್ಯಾಯದ ಒಂದು ಚಿಕ್ಕ ವಾಕ್ಯವನ್ನು ನಾವು ಓದಿಯೂ ಓದದಂತೆ ದಾಟಿಬಿಡುತ್ತೇವೆ. ಪ್ರತಿ ವರ್ಷ ಯಜ್ಞಕ್ಕೆ ಬರುವಾಗ ಆ ತಾಯಿ ಮಗನಿಗಾಗಿ ಒಂದು ಸಣ್ಣ ನಿಲುವಂಗಿಯನ್ನು ಹೊಲಿದು ತರುತ್ತಿದ್ದಳು. ಪ್ರತಿ ವರ್ಷ ಹೊಲಿಯಬೇಕಾದರೆ ಮಗ ಎಷ್ಟು ಬೆಳೆದಿರಬಹುದೆಂದು ಅವಳು ದೂರದ ಮನೆಯಲ್ಲಿ ಕುಳಿತು ಅಂದಾಜು ಮಾಡಿರಬೇಕಲ್ಲವೇ? ಒಪ್ಪಿಸಿದ ಮೇಲೆ ಪ್ರೀತಿ ನಿಲ್ಲಲಿಲ್ಲ, ದುಡಿಮೆ ನಿಲ್ಲಲಿಲ್ಲ, ನೆನಪೂ ನಿಲ್ಲಲಿಲ್ಲ. ನಿಂತದ್ದು ಒಂದೇ: ಅವನು ಯಾರಾಗಬೇಕೆಂದು ತೀರ್ಮಾನಿಸುವ ಹಕ್ಕು. ತಂಗೀ, ನಿಮ್ಮ ಯಜಮಾನರು ದೀಕ್ಷಾಸ್ನಾನದ ದಿನ ಮಾಡಿದ್ದು ಪ್ರಾರ್ಥನೆ. ಪ್ರಾರ್ಥನೆ ಎಂದರೆ ಆ ಆಸೆಯನ್ನು ಅವರೇ ಅಂದು ದೇವರ ಕೈಗೆ ಕೊಟ್ಟಿದ್ದಾರೆ. ಅದು ಸುರಕ್ಷಿತವಾಗಿದೆ. ಅದನ್ನು ಕಾಯುವ ಕೆಲಸವನ್ನು ಅವರು ನಿಮಗೆ ಬಿಟ್ಟುಹೋಗಿಲ್ಲ.

ಮಗಳೇ, ಅದೇ ಕಥೆಯಲ್ಲಿ ನಿನ್ನ ಪಾಲೂ ಇದೆ. ಹನ್ನಳು ಮಗುವನ್ನು ಯಾಜಕನಾದ ಏಲಿಯ ಬಳಿ ಬಿಟ್ಟಳು, ಆದರೆ ಅವಳು ಒಪ್ಪಿಸಿದ್ದು ಏಲಿಗಲ್ಲ. ಏಲಿಯ ಮನೆಯಲ್ಲಿ ಅನ್ಯಾಯವಿತ್ತು, ಅವನ ಮಕ್ಕಳು ಯಜ್ಞದ ಮಾಂಸವನ್ನೇ ಬಲವಂತದಿಂದ ಕಿತ್ತುಕೊಳ್ಳುತ್ತಿದ್ದರು. ದೇವರು ಆ ಹುಡುಗನನ್ನು ರಾತ್ರಿಯಲ್ಲಿ ಹೆಸರು ಹಿಡಿದು ಕರೆದನು, ಆ ರಾತ್ರಿಯ ಮಾತನ್ನು ಏಲಿಗೆ ಹೇಳದೆ ನೇರವಾಗಿ ಅವನಿಗೇ ಹೇಳಿದನು. ಆ ಮಾತು ಏಲಿಯ ಮನೆತನದ ವಿರುದ್ಧವೇ ಇತ್ತು. ಹುಡುಗ ಅಂಜಿದರೂ ಮುಚ್ಚಿಡದೆ ತಿಳಿಸಿದನು. ದೇವರಿಗೆ ಒಪ್ಪಿಸಿಕೊಂಡವನು ಹಿರಿಯನ ಮುಂದೆ ಸತ್ಯವನ್ನಾಡಬಲ್ಲನು. ಯೇಸುವಿನ ತಾಯಿ ಮರಿಯಳ ವಿಷಯವನ್ನೂ ನೋಡು. ಆಕೆ ಮಗನನ್ನು ಹೆರುವಳೆಂಬ ಸುದ್ದಿ ತಂದ ದೇವದೂತನು ಆಕೆಯ ತಂದೆಯ ಬಳಿಗಾಗಲಿ ಆಕೆಗೆ ನಿಶ್ಚಯವಾಗಿದ್ದ ಯೋಸೇಫನ ಬಳಿಗಾಗಲಿ ಮೊದಲು ಹೋಗಲಿಲ್ಲ, ಆಕೆಯ ಬಳಿಗೇ ಬಂದನು. ಆಕೆ "ಇದು ಹೇಗಾದೀತು?" ಎಂದು ಪ್ರಶ್ನೆ ಕೇಳಿದಳು, ಉತ್ತರ ಪಡೆದಳು, ಅನಂತರ "ನಾನು ಕರ್ತನ ದಾಸಿ" ಎಂದಳು. ಪ್ರಶ್ನೆ ಕೇಳಲು ಬಿಡದೆ ಪಡೆಯುವ ಒಪ್ಪಿಗೆಯನ್ನು ನಾನು ಒಪ್ಪಿಸುವಿಕೆ ಎಂದು ಕರೆಯಲಾರೆ. ನಿಮ್ಮ ಸಭೆಯ ಪಾಲಕರಾದ ಅಯ್ಯನವರ ಹತ್ತಿರವೋ, ನೀನು ನಂಬುವ ಸ್ತ್ರೀ ಸಮಾಜದ ಹಿರಿಯ ಅಮ್ಮನವರ ಹತ್ತಿರವೋ ಹೋಗಿ ಇದನ್ನು ಬಾಯಿಬಿಟ್ಟು ಹೇಳು. ಮನೆಯವರೊಂದಿಗೆ ಮಾತಾಡಲು ಅವರನ್ನು ಕರೆದುಕೊಂಡು ಹೋಗು.

ನವನಗರದ ನಿವಾಸಿ, ಬಾಗಲಕೋಟೆ:

ಹಿರಿಯರು ಹೇಳಿದ್ದನ್ನು ನಾನು ಬೇರೆ ದಾರಿಯಿಂದ ಕಲಿತೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ನಮ್ಮ ಓಣಿ ಮುಳುಗಿತು. ಮನೆಯ ಗೋಡೆಯ ಮೇಲೆ ಒಂದು ನಂಬರ್ ಬರೆದು ಹೋದರು, ಪರಿಹಾರ ಬಂತು, ನಾವು ಸೆಕ್ಟರಿನ ಹೊಸ ಮನೆಗೆ ಬಂದೆವು. ನಮ್ಮಪ್ಪ ಕಾಗದಗಳಿಗೆ ಸಹಿ ಮಾಡಿದರು. ಆದರೆ ಕೊಟ್ಟೆ ಎಂದು ಅವರು ಒಂದು ದಿನವೂ ಹೇಳಲಿಲ್ಲ, ಹೋಯಿತು ಎಂದೇ ಹೇಳುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ಬುನಾದಿಯ ಕಲ್ಲುಗಳನ್ನು ನೋಡಿ ಬರುತ್ತಿದ್ದರು.

ವರ್ಷಗಳ ಕಾಲ ನಾನು ದೇವರನ್ನೂ ಹಾಗೆಯೇ ಭಾವಿಸಿದ್ದೆ. ಆತನು ಮೇಲಿರುವ ದೊಡ್ಡ ಅಧಿಕಾರಿ, ಇಂದಲ್ಲ ನಾಳೆ ನನ್ನ ಗೋಡೆಯ ಮೇಲೂ ನಂಬರ್ ಬರೆಯುತ್ತಾನೆ, ಆದ್ದರಿಂದ ಮುಂಚೆಯೇ ಸಹಿ ಮಾಡಿಕೊಡುವುದು ಜಾಣತನ. ನನ್ನ ಪ್ರಾರ್ಥನೆಯಲ್ಲಿ ಇದ್ದದ್ದು ಭಯ, ನಂಬಿಕೆಯಲ್ಲ. ಒಂದು ಬೈಬಲ್ ಅಧ್ಯಯನದಲ್ಲಿ ನಮಗೆ ಕಲಿಸುತ್ತಿದ್ದ ಅಯ್ಯನವರು ಒಂದು ವಿಷಯವನ್ನು ವಿವರಿಸಿದರು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶಿಷ್ಯನಾದ ಯೂದನು ಯೇಸುವನ್ನು ಹಿಡಿದುಕೊಟ್ಟದ್ದಕ್ಕೆ ಬಳಸಿದ ಕ್ರಿಯಾಪದವನ್ನೇ, ಯೇಸು ನಮಗೋಸ್ಕರ ತನ್ನನ್ನು ತಾನೇ ಒಪ್ಪಿಸಿಕೊಟ್ಟದ್ದಕ್ಕೂ ಬಳಸಲಾಗಿದೆ. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದ 20ನೆಯ ವಚನದಲ್ಲಿ ಇರುವುದು ಅದೇ ಪದ. ನಮ್ಮ ಕನ್ನಡದ ಸತ್ಯವೇದ ಒಂದನ್ನು ಹಿಡಿದುಕೊಡುವುದು ಎಂದೂ ಇನ್ನೊಂದನ್ನು ಒಪ್ಪಿಸುವುದು ಎಂದೂ ಬೇರ್ಪಡಿಸಿ ಹೇಳುತ್ತದೆ. ಹೊರಗಿನಿಂದ ನೋಡಿದವರಿಗೆ ಆ ರಾತ್ರಿ ಯೇಸುವಿನಿಂದ ಎಲ್ಲವನ್ನೂ ಕಿತ್ತುಕೊಂಡಂತೆಯೇ ಕಂಡಿತು, ಆದರೆ ಕಿತ್ತುಕೊಳ್ಳುವವರ ಕೈ ತಲುಪುವ ಮೊದಲೇ ಆತನು ಅದನ್ನು ತಂದೆಗೆ ಕೊಟ್ಟಾಗಿತ್ತು. ನಮ್ಮನ್ನು ಕೇಳುವ ದೇವರು ಮೊದಲು ತನ್ನನ್ನು ಕೊಟ್ಟವನು. ಇದು ತಿಳಿದ ದಿನ ನನಗೆ ಆ ಹಳೆಯ ಅಧಿಕಾರಿಯ ಭಯ ಬಿಟ್ಟುಹೋಯಿತು.

ಯಜಮಾನರ ಸಾವು ನಿಮ್ಮಿಂದ ಕಿತ್ತುಕೊಂಡದ್ದು, ಶಿಕ್ಷಕಿಯವರೇ. ಅದನ್ನು ನೀವು ಕೊಟ್ಟದ್ದೆಂದು ಹೇಳಿಕೊಳ್ಳಬೇಕಾಗಿಲ್ಲ. ಹೋಯಿತು ಎಂದೇ ಅಳಿರಿ, ಕೀರ್ತನೆಗಳ ತುಂಬ ಅಂಥ ಅಳು ಇದೆ. ಆದರೆ ಮಗನನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳುತ್ತಿಲ್ಲ. ಅವನನ್ನು ಕೊಡುವ ಅವಕಾಶ ಇನ್ನೂ ನಿಮ್ಮ ಕೈಯಲ್ಲಿದೆ.

ತಿಕೋಟಾದ ದ್ರಾಕ್ಷಿ ಬೆಳೆಗಾರ:

ಈ ಮಾತನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಬೆಳಗಾವಿಯ ನಿವೃತ್ತ ಗುಮಾಸ್ತ:

ನಾನು ಮೆಥೋಡಿಸ್ಟ್ ಸಭೆಯವನು. ನಮ್ಮ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು 1755ರಲ್ಲಿ ಲಂಡನ್ನಿನಲ್ಲಿ ತಮ್ಮ ಜನರನ್ನು ಕೂಡಿಸಿ ದೇವರೊಂದಿಗೆ ಒಡಂಬಡಿಕೆಯನ್ನು ನವೀಕರಿಸುವ ಆರಾಧನೆಯನ್ನು ಆರಂಭಿಸಿದರು. ಮೆಥೋಡಿಸ್ಟರಲ್ಲಿ ಅದನ್ನು ಹೊಸ ವರ್ಷದ ಹೊತ್ತಿಗೆ ನಡೆಸುವ ವಾಡಿಕೆ ಬೆಳೆದು ಬಂದಿದೆ. ನಾನು ಇನ್ನು ನನ್ನವನಲ್ಲ, ನಿನ್ನವನು ಎಂದು ಆ ಪ್ರಾರ್ಥನೆ ಆರಂಭವಾಗುತ್ತದೆ. ನನ್ನನ್ನು ಕೆಲಸಕ್ಕೆ ಹಚ್ಚು ಇಲ್ಲವೆ ನಿನಗೋಸ್ಕರ ಬದಿಗಿಡು ಎಂಬ ಅರ್ಥದ ಮಾತು ಅದರ ನಡುವೆ ಬರುತ್ತದೆ. ನೌಕರಿಯಲ್ಲಿದ್ದಾಗ ಕೆಲಸಕ್ಕೆ ಹಚ್ಚು ಎಂಬುದನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ನಿವೃತ್ತನಾಗಿ, ಮೊಣಕಾಲು ನೋವಿನಿಂದ ಮನೆ ಹಿಡಿದ ಮೇಲೆ, ಬದಿಗಿಡು ಎಂಬ ಮಾತು ಗಂಟಲಲ್ಲಿ ನಿಂತುಬಿಟ್ಟಿತು. ಎರಡು ವರ್ಷ ಆ ಸಾಲು ಬಂದಾಗ ಬಾಯಿ ಮುಚ್ಚಿಕೊಂಡು ನಿಂತೆ. ಸುಳ್ಳು ಹೇಳುವುದಕ್ಕಿಂತ ಅದು ಮೇಲೆಂದು ತೋರಿತು, ದೇವರು ಅದನ್ನು ತಪ್ಪೆಂದು ಎಣಿಸಲಿಲ್ಲವೆಂದು ನಂಬಿದ್ದೇನೆ. ಮೂರನೆಯ ವರ್ಷ ಮೆಲ್ಲನೆ ಹೇಳಿದೆ.

ಅಂದಹಾಗೆ, ನಮ್ಮ ಊರಿನಲ್ಲಿ 1820ರಲ್ಲಿ ಕೆಲಸ ಆರಂಭಿಸಿದ ಲಂಡನ್ ಮಿಷನ್ನಿನವರು 84 ವರ್ಷ ಬೆಳೆಸಿದ ಆ ಕೆಲಸವನ್ನು 1904ರಲ್ಲಿ ಮೆಥೋಡಿಸ್ಟರಿಗೆ ಒಪ್ಪಿಸಿ ಹೋದರು. ನಾನು ಕುಳಿತುಕೊಳ್ಳುವ ಬೆಂಚು ಬೇರೆಯವರು ಬಿಟ್ಟುಕೊಟ್ಟ ಕೆಲಸದ ಫಲವೆಂಬುದು ಬದಿಗಿಡು ಎಂಬ ಮಾತನ್ನು ನುಡಿಯಲು ನನಗೆ ಸಹಾಯ ಮಾಡಿತು.

ಬೆಳಗಾವಿಯ ಎಂ.ಎ. ವಿದ್ಯಾರ್ಥಿನಿ:

ಹಿರಿಯರು ಹೇಳಿದಂತೆ ನಮ್ಮ ಸಭೆಯ ಒಬ್ಬ ಅಮ್ಮನವರ ಬಳಿ ಮಾತಾಡಿದ್ದೇನೆ. ಬರುವ ಶನಿವಾರ ಅವರು ಮನೆಗೆ ಬರುತ್ತಾರೆ. ಭಯವಾಗುತ್ತಿದೆ, ಪ್ರಾರ್ಥಿಸಿರಿ.

ಜಮಖಂಡಿಯ ಶಿಕ್ಷಕಿ:

ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ, ತಂಗೀ.

ನನ್ನ ಸುದ್ದಿಯನ್ನೂ ತಿಳಿಸುತ್ತೇನೆ. ಮೊನ್ನೆ ಊಟವಾದ ಮೇಲೆ ಮಗನನ್ನು ಕೂಡಿಸಿಕೊಂಡು, ನಿನಗೆ ಏನು ಓದಬೇಕೆಂದಿದೆ ಹೇಳು, ನಾನು ನಡುವೆ ಮಾತಾಡುವುದಿಲ್ಲ ಎಂದೆ. ಅವನು ಮೊದಲು ನಂಬಲಿಲ್ಲ. ಆಮೇಲೆ ಸುಮಾರು ಒಂದು ಗಂಟೆ ಎಂಜಿನ್ನುಗಳ ವಿಷಯ ಹೇಳಿದ. ಅಪ್ಪನ ಹಳೆಯ ಸ್ಕೂಟರನ್ನು ತಾನೇ ಬಿಚ್ಚಿ ಜೋಡಿಸಿದ್ದನ್ನು, ಅಪ್ಪ ಪಕ್ಕದಲ್ಲಿ ಕುಳಿತು ಪಾನಾ ಎತ್ತಿಕೊಡುತ್ತಿದ್ದುದನ್ನು ಹೇಳಿದ. ಅದು ನನಗೆ ಗೊತ್ತೇ ಇರಲಿಲ್ಲ. ನನ್ನ ಯಜಮಾನರ ಒಂದು ಆಸೆಯನ್ನು ಬಿಡಲು ಹೊರಟವಳಿಗೆ ಅವರ ಇನ್ನೊಂದು ಸಂತೋಷ ಸಿಕ್ಕಿತು. ಆ ರಾತ್ರಿ ನಾವಿಬ್ಬರೂ ಮೊಣಕಾಲೂರಿ ಪ್ರಾರ್ಥಿಸಿದೆವು. ವೈದ್ಯನಾಗಲಿ ಎಂಬ ಮಾತು ನನ್ನ ಬಾಯಿಗೆ ಬಂತು, ಅದನ್ನು ನುಂಗದೆ ದೇವರ ಮುಂದೆಯೇ ಹೇಳಿ, ಆದರೂ ನಿನ್ನ ಚಿತ್ತ ಎಂದೆ.

ನಿನ್ನೆ ರಾತ್ರಿಯೂ ಮೂರಕ್ಕೇ ಎಚ್ಚರವಾಯಿತು. ಪಾಠ ಒಪ್ಪಿಸಿ ಮಲಗಿದೆ, ನಿದ್ದೆ ಬರಲು ಹೊತ್ತು ಹಿಡಿಯಿತು. ವೈದ್ಯರನ್ನು ಕಾಣಲು ಗುರುವಾರ ಹೋಗುತ್ತೇನೆ. ಸೋಮವಾರ ಅರ್ಜಿ ಹಾಕಲು ಇಬ್ಬರೂ ಬೆಳಗಾವಿಗೆ ಬರುತ್ತಿದ್ದೇವೆ. ಅಲ್ಲಿಯ ಮಳೆಗೆ ಅವನಿಗೆ ರೇನ್‌ಕೋಟ್ ಬೇಕಾಗುತ್ತದೆ, ಹಳೆಯದನ್ನು ತೆಗೆದು ಹಾಕಿಸಿ ನೋಡಿದೆ, ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ನಿಂತಿತು. ಅಳತೆ ಬರೆದುಕೊಂಡಿದ್ದೇನೆ.